ದಾರಿ, ಹೊತ್ತು, ಸದ್ದು: ಒಂದೇ ಬೀದಿಯಲ್ಲಿ ಎರಡು ಮೆರವಣಿಗೆ

2023ರಲ್ಲಿ ಅನಂತ ಚತುರ್ದಶಿ, ಈದ್ ಮಿಲಾದ್ ಎರಡೂ ಸೆಪ್ಟೆಂಬರ್ 28ಕ್ಕೇ ಬಂದವು. ಹಾವೇರಿ ಜಿಲ್ಲೆಯ ನಮ್ಮ ತಾಲೂಕು ಊರಿನಲ್ಲಿ ಹನ್ನೊಂದನೇ ದಿನದ ಗಣಪತಿಗಳು ಕೆರೆಗೆ ಹೋಗುವುದು ಪೇಟೆ ಬೀದಿಯ ಮೇಲೆ. ಮಿಲಾದ್ ಮೆರವಣಿಗೆ ಹಾಯುವುದೂ ಅದೇ ಬೀದಿಯಲ್ಲಿ. ಬೀದಿಯ ನಡುವೆ ಮಸೀದಿ, ಅಲ್ಲಿಂದ ಕೂಗಳತೆಯಲ್ಲಿ ಹನುಮಪ್ಪನ ಗುಡಿ. ಎರಡು ಟ್ರ್ಯಾಕ್ಟರ್ ಎದುರುಬದುರಾದರೆ ಒಂದು ಹಿಂದಕ್ಕೆ ಸರಿಯಲೇಬೇಕು, ಅಷ್ಟು ಇಕ್ಕಟ್ಟು. ಆ ವರ್ಷದಿಂದ ಈಚೆಗೆ ಮೂರು ಹಬ್ಬದ ಕಾಲಗಳನ್ನು ನಮ್ಮೂರು ಹೇಗೆ ದಾಟಿತು, ಅದರಲ್ಲಿ ಹೆಣ್ಣುಮಕ್ಕಳು ಮತ್ತು ಹರೆಯದ ಹುಡುಗರು ಏನು ಮಾಡಿದರು ಎಂಬುದನ್ನು ಬರೆದಿಡಬೇಕೆಂದು ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಇಂಥ ಕೆಲಸಕ್ಕೆ ಕೈಹಾಕಬೇಕೆನ್ನುವ ಬೇರೆ ಊರಿನವರು ಕೇಳುತ್ತಿರುತ್ತಾರೆ. ಅವರಿಗಾಗಿ ಇದು.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. "ಈ ಸಲ ಬೇಕಂತನ ಅದ ದಿನಾ ಇಟಕೊಂಡಾರ" ಎಂಬ ಮಾತು ಎರಡೂ ಕಡೆಯಿಂದ ಕಿವಿಗೆ ಬಿತ್ತು. ಮೊದಲು ಮಾಡಿದ ಕೆಲಸವೆಂದರೆ ಕಪ್ಪುಹಲಗೆಯ ಮೇಲೆ ಆ ಲೆಕ್ಕ ಬಿಡಿಸಿ ತೋರಿಸಿದ್ದು. ಭಾದ್ರಪದವೂ ಚಂದ್ರನ ತಿಂಗಳು, ಮಿಲಾದ್ ಬರುವ ರಬೀ ಉಲ್ ಅವ್ವಲ್ ಕೂಡ ಚಂದ್ರನ ತಿಂಗಳು. ಒಂದರಲ್ಲಿ ಶುಕ್ಲ ಪಕ್ಷದ ಹದಿನಾಲ್ಕು, ಇನ್ನೊಂದರಲ್ಲಿ ಚಂದ್ರ ಕಂಡ ಮೇಲೆ ಹನ್ನೆರಡು. ಹನ್ನೆರಡು ಚಾಂದ್ರ ತಿಂಗಳು ಸೇರಿದರೆ ಸುಮಾರು 354 ದಿನ. ನಮ್ಮ ಪಂಚಾಂಗದಲ್ಲಿ ಎರಡೂವರೆ, ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸಿ ಹಬ್ಬಗಳನ್ನು ಋತುವಿಗೆ ಹೊಂದಿಸುತ್ತಾರೆ, ಹಿಜರಿಯಲ್ಲಿ ಆ ಪದ್ಧತಿ ಇಲ್ಲ. 2023ರಲ್ಲಿ ಅಧಿಕ ಶ್ರಾವಣ ಬಂದ ಮೇಲೆ ಎರಡು ತಿಂಗಳೂ ಒಂದರ ಮೇಲೊಂದು ಬಂದು ಕೂತವು. ಮುಂದಿನ ಅಧಿಕ ಮಾಸ 2026ರ ಜ್ಯೇಷ್ಠದಲ್ಲಿ. ಅಲ್ಲಿಯವರೆಗೆ ಈ ಎರಡು ಹಬ್ಬ ಜೊತೆಜೊತೆಗೇ ನಡೆಯಬೇಕು: 2024ರಲ್ಲಿ ಸೆಪ್ಟೆಂಬರ್ 16 ಮತ್ತು 17, 2025ರಲ್ಲಿ ಸೆಪ್ಟೆಂಬರ್ 5 ಮತ್ತು 6. ಯಾರೂ ಬೇಕಂತ ಇಟ್ಟುಕೊಂಡದ್ದಲ್ಲ. ಈ ಲೆಕ್ಕ ನೋಡಿದ ಹುಡುಗರು ಬೋರ್ಡಿನ ಫೋಟೊ ತೆಗೆದು ಎರಡೂ ಓಣಿಗಳಿಗೆ ಹಂಚಿದರು.

ಹಿಂದಿನ ವರ್ಷದ ನೆನಪು ಊರಿಗೆ ಹಸಿಯಾಗಿಯೇ ಇತ್ತು. 2022ರ ವಿಸರ್ಜನೆಯ ರಾತ್ರಿ ಡಿಜೆ ಗಾಡಿ ಮಸೀದಿಯ ಮುಂದೆ ಬಹಳ ಹೊತ್ತು ನಿಂತು, ಮಾತಿಗೆ ಮಾತು ಬೆಳೆದು, ತಳ್ಳಾಟವಾಗಿ ಒಂದು ಕಬ್ಬಿನ ಹಾಲಿನ ಅಂಗಡಿಯ ಗಾಜು ಒಡೆಯಿತು. ಹಿಂದೂ ಹುಡುಗನೊಬ್ಬ, ಮುಸ್ಲಿಂ ಹುಡುಗನೊಬ್ಬ, ಇಬ್ಬರ ಮೇಲೂ ಕೇಸು. ಇಬ್ಬರೂ ನನ್ನ ವಿದ್ಯಾರ್ಥಿಗಳು. ಅದೇ ವರ್ಷದ ಫೆಬ್ರವರಿಯಲ್ಲಿ ಹಿಜಾಬ್ ವಿಷಯಕ್ಕೆ ರಾಜ್ಯದ ಕಾಲೇಜುಗಳೇ ಬಂದಾಗಿದ್ದವು. ನಮ್ಮ ಪದವಿಪೂರ್ವ ಕಾಲೇಜಿನಲ್ಲಿ ಜೊತೆಗೆ ಓದಿದ ಹುಡುಗಿಯರು ಒಬ್ಬರಿಗೊಬ್ಬರು ಫೋನ್ ಮಾಡುವುದನ್ನೇ ಬಿಟ್ಟಿದ್ದರು. ಕೆಲವರು ಓದನ್ನೂ ಬಿಟ್ಟರು. ಹಬ್ಬದ ರಾತ್ರಿಯ ಗಲಾಟೆಗಿಂತ ಈ ಮೌನ ನನ್ನನ್ನು ಹೆಚ್ಚು ಹೆದರಿಸಿತ್ತು.

ಶಾಂತಿ ಸಭೆ ನಮ್ಮಲ್ಲಿ ಪ್ರತಿ ವರ್ಷ ಹಬ್ಬಕ್ಕೆ ಮೊದಲು ಪೊಲೀಸ್ ಠಾಣೆಯ ಅಂಗಳದಲ್ಲಿ ನಡೆಯುತ್ತದೆ. ತಹಶೀಲ್ದಾರರು, ಪಿಎಸ್ಐ, ವಿದ್ಯುತ್ ಕಂಪನಿ ಹೆಸ್ಕಾಂನವರು, ಪುರಸಭೆಯ ಮುಖ್ಯಾಧಿಕಾರಿ, ಎರಡೂ ಕಡೆಯ ಹಿರಿಯರು ಬರುತ್ತಾರೆ. "ನಮ್ಮೂರು ಸೌಹಾರ್ದಕ್ಕೆ ಹೆಸರಾದದ್ದು" ಎಂದು ಎಲ್ಲರೂ ಭಾಷಣ ಮಾಡುತ್ತಾರೆ, ಚಹಾ ಕುಡಿದು ಏಳುತ್ತಾರೆ. ಅಲ್ಲಿಗೆ ಬರುವ ಹಿರಿಯರಲ್ಲಿ ಯಾರೂ ಮೆರವಣಿಗೆಯ ರಾತ್ರಿ ಟ್ರ್ಯಾಕ್ಟರಿನ ಮುಂದೆ ಕುಣಿಯುವವರಲ್ಲ. ಕುಣಿಯುವವರನ್ನು ಆಗ ಸಭೆಗೆ ಕರೆಯುತ್ತಿರಲಿಲ್ಲ. ಕೆಲವರನ್ನು ಮಾತ್ರ ಠಾಣೆಗೆ ಬೇರೆ ದಿನ ಕರೆಸಿ, ಶಾಂತಿ ಕದಡುವುದಿಲ್ಲವೆಂದು ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 107ನೇ ಸೆಕ್ಷನ್‌ನಲ್ಲಿ ಮುಚ್ಚಳಿಕೆ ಬರೆಸಿಕೊಳ್ಳುತ್ತಿದ್ದರು. ಇನ್ನು ಹೆಣ್ಣುಮಕ್ಕಳು? ಊರಲ್ಲಿ ಎಲ್ಲಿ ಏನು ಹೊಗೆಯಾಡುತ್ತಿದೆ ಎಂಬುದು ಮೊದಲು ತಿಳಿಯುವುದು ನಳದ ಹತ್ತಿರ, ರೇಷನ್ ಅಂಗಡಿಯ ಸಾಲಿನಲ್ಲಿ, ಸಂತೆಯಲ್ಲಿ. ಅಲ್ಲಿರುವ ಒಬ್ಬಳನ್ನೂ ಆ ಅಂಗಳಕ್ಕೆ ಕರೆದ ನೆನಪು ಯಾರಿಗೂ ಇರಲಿಲ್ಲ.

ಹೀಗಾಗಿ ನಾವು ಠಾಣೆಯಿಂದಲ್ಲ, ಸ್ತ್ರೀಶಕ್ತಿ ಸಂಘದ ಉಳಿತಾಯದ ಸಭೆಯಿಂದ ಶುರು ಮಾಡಿದೆವು. ನಮ್ಮ ಊರಿನ ಸಂಘಗಳು ಓಣಿವಾರು ಇರುವುದರಿಂದ ಹಿಂದೂ ಸಂಘ, ಮುಸ್ಲಿಂ ಸಂಘ ಎಂದು ತಾನಾಗಿಯೇ ಬೇರೆಯಾಗಿದ್ದವು. ಎರಡನ್ನೂ ಬಲ್ಲವಳು ಬಳೆ ಅಂಗಡಿಯ ಆಪಾ. ಶ್ರಾವಣದಲ್ಲಿ ಊರಿನ ಎಲ್ಲ ಮನೆಯ ಹೆಣ್ಣುಮಕ್ಕಳೂ ಕೈ ಚಾಚುವುದು ಅವರ ಮುಂದೆ. ಹಳೆ ಸೊಸೈಟಿ ಕಟ್ಟಡದ ಹಿಂದಿರುವ ಸಣ್ಣ ಆಸ್ಪತ್ರೆಯಲ್ಲಿ ಬಸುರಿಯರನ್ನು ನೋಡುವ ಕ್ರೈಸ್ತ ಸಿಸ್ಟರ್ ಒಬ್ಬರಿದ್ದಾರೆ, ಅವರನ್ನೂ ಅರಿಯದವರಿಲ್ಲ. ಸಂತೆಯಲ್ಲಿ ಕಾಯಿಪಲ್ಯೆ ಮಾರುವ ಯಲ್ಲಮ್ಮನ ಓಣಿಯ ಅವ್ವ ಒಬ್ಬರು. ನಾನು. ಈ ನಾಲ್ಕು ಜನ ಕೂತು, ಪ್ರತಿ ಓಣಿಯಿಂದ ಇಬ್ಬರಂತೆ ಕರೆಯೋಣ, ಶಾಲೆಯ ಕೋಣೆಯಲ್ಲಿ ಕೂಡೋಣ ಎಂದು ನಿಶ್ಚಯಿಸಿದೆವು. ಗುಡಿಯೂ ಬೇಡ, ಮಸೀದಿಯೂ ಬೇಡ, ಚರ್ಚೂ ಬೇಡ ಎಂಬುದು ಸಿಸ್ಟರ್ ಸೂಚನೆ. ಅದು ಸರಿ ಎಂದು ಮುಂದೆ ಮತ್ತೆ ಮತ್ತೆ ಅನಿಸಿತು. ಶಾಲೆಗೆ ಬರಲು ಯಾವ ಮನೆಯ ಗಂಡಸೂ ಬೇಡ ಅನ್ನಲಿಲ್ಲ.

ಮೊದಲ ಸಭೆಯಲ್ಲಿ ಬಹಳ ಹೊತ್ತು ಯಾರೂ ಬಾಯಿ ಬಿಡಲಿಲ್ಲ. ದೇವರೆಲ್ಲ ಒಂದೇ ಎಂದು ಒಬ್ಬರು ಮಾತು ತೆಗೆದರು, ಎಲ್ಲರೂ ತಲೆಯಾಡಿಸಿದರು, ಮತ್ತೆ ಮೌನ. ಆಗ ನಾನು ಬೇರೆ ಪ್ರಶ್ನೆ ಕೇಳಿದೆ: ವಿಸರ್ಜನೆಯ ರಾತ್ರಿ ನಿಮಗೆ ಯಾವುದರ ಹೆದರಿಕೆ? ಅಲ್ಲಿಂದ ಮಾತು ಹರಿಯಿತು. ಡಿಜೆ ಸದ್ದಿಗೆ ಎಳೆಗೂಸು ಬೆಚ್ಚಿಬೀಳುತ್ತದೆ. ಮಾವನಿಗೆ ಹೃದಯದ ಕಾಯಿಲೆ. ರಾತ್ರಿ ಬಹಿರ್ದೆಸೆಗೆ ಹೊರಗೆ ಹೋಗಬೇಕಾದ ಮನೆಗಳು ಇನ್ನೂ ಇವೆ, ಕುಡಿದ ಹುಡುಗರು ದಾರಿಯಲ್ಲಿ ನಿಂತಿರುತ್ತಾರೆ. ಅಂಗಡಿ ಮುಚ್ಚಿಸಿದರೆ ಆ ದಿನದ ದುಡಿಮೆ ಹೋಯಿತು. ಎಲ್ಲಕ್ಕಿಂತ ದೊಡ್ಡದು ಮಗನ ಚಿಂತೆ. ಕಾಯಿಪಲ್ಯೆ ಅವ್ವ ಅಂದರು: "ಹುಡುಗನ ಮ್ಯಾಲ ಕೇಸ ಬಿತ್ತಂದ್ರ ಮುಗೀತು ನೋಡ್ರಿ ಅಕ್ಕಾರ. ಪೊಲೀಸ ನೌಕರಿ ಹೋತು, ಮಿಲಿಟರಿ ಹೋತು, ದುಬೈಗಿ ಹೋಗಾಕ ಪಾಸ್‌ಪೋರ್ಟೂ ಸಿಗಂಗಿಲ್ಲ. ಭಾಷಣಾ ಮಾಡಿದಾವ ಮನ್ಯಾಗ ಮಲಗಿರ್ತಾನ, ಕೋರ್ಟಿಗೆ ಅಲ್ಯಾಡೋರು ನಾವು." ಹಿಂದಿನ ವರ್ಷ ಕೇಸು ಬಿದ್ದ ಇಬ್ಬರು ಹುಡುಗರ ತಾಯಂದಿರೂ ಆ ಕೋಣೆಯಲ್ಲಿದ್ದರು. ಇಬ್ಬರೂ ಒಂದೇ ವಕೀಲರಿಗೆ ಫೀ ಕೊಡುತ್ತಿದ್ದಾರೆ ಎಂಬುದು ಅವರಿಗೆ ಗೊತ್ತಾದದ್ದು ಅಂದೇ.

ಆ ಪಟ್ಟಿಯನ್ನು ಓದಿ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗಿತ್ತು. ಅದರಲ್ಲಿ ಮತಕ್ಕೆ ಸಂಬಂಧಿಸಿದ್ದು ಏನೂ ಇರಲಿಲ್ಲ. ಇದ್ದದ್ದು ದಾರಿ, ಹೊತ್ತು, ಸದ್ದು. ಈ ಮೂರನ್ನು ಮಾತಾಡಿ ಬಗೆಹರಿಸಬಹುದು. ಅಂದಿನಿಂದ ನಮ್ಮ ಸಭೆಗಳಲ್ಲಿ ಈ ಮೂರರ ಬಗ್ಗೆಯೇ ಮಾತು. ಸೌಹಾರ್ದದ ಮೇಲೆ ಭಾಷಣಕ್ಕೆ ಅವಕಾಶ ಕೊಡಲಿಲ್ಲ.

ಹುಡುಗರನ್ನು ಸೇರಿಸುವುದು ಇದಕ್ಕಿಂತ ಕಷ್ಟ. ಹೆಣ್ಣುಮಕ್ಕಳ ಸಂಘಕ್ಕೆ ಪುಸ್ತಕವಿದೆ, ಲೆಕ್ಕವಿದೆ, ಸಭೆಯ ರೂಢಿಯಿದೆ. ಹುಡುಗರಿಗೆ ಇರುವುದು ಕ್ರಿಕೆಟ್ ತಂಡ, ಗಜಾನನ ಮಂಡಳಿ, ಬೈಕು ಮತ್ತು ವಾಟ್ಸಾಪ್ ಗುಂಪು. ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2015ರ ಡಿಸೆಂಬರ್‌ನಲ್ಲಿ ಶಾಂತಿ ಕೆಲಸದಲ್ಲಿ ಯುವಜನರ ಪಾಲಿನ ಬಗ್ಗೆ 2250ನೇ ನಿರ್ಣಯ ಮಾಡಿತು. ಅದರ ಪ್ರಕಾರ ಯುವಜನರೆಂದರೆ 18ರಿಂದ 29 ವಯಸ್ಸಿನವರು. ನಮ್ಮ ಬೀದಿಯಲ್ಲಿ ಟ್ರ್ಯಾಕ್ಟರಿನ ಮುಂದೆ ಇರುವವರು ಒಂಬತ್ತನೇ ಕ್ಲಾಸಿನಿಂದ ಪಿಯುಸಿ ತನಕದ ಹುಡುಗರು. ಹದಿನೆಂಟು ತುಂಬಿದವರು ಅರ್ಧಕ್ಕರ್ಧ ಬೆಂಗಳೂರಿಗೋ ಗೋವಾಕ್ಕೋ ದುಡಿಯಲು ಹೋಗಿರುತ್ತಾರೆ. ಹಾಗಾಗಿ ನಮ್ಮ ಯುವಕರ ಬಳಗದಲ್ಲಿ ಹದಿನಾಲ್ಕು ವರ್ಷದವರನ್ನೂ ಸೇರಿಸಿಕೊಂಡೆವು. ಅದು ಬಹಳ ಮುಖ್ಯವಾಯಿತು.

ಅವರ ಜೊತೆ ನಡೆದ ಒಂದು ಸಂಜೆಯ ಮಾತನ್ನು ವಿವರವಾಗಿ ಹೇಳಬೇಕು. ಎರಡೂ ಕಡೆಯ ಹುಡುಗರಿಗೆ ಒಂದೊಂದು ಹಾಳೆ ಕೊಟ್ಟು, "ಎದುರಿನವರ ಮೆರವಣಿಗೆಯಲ್ಲಿ ನಿಮಗೆ ಯಾವುದು ನೋವು ಮಾಡುತ್ತದೆ, ಬರೀರಿ. ಹೆಸರು ಹಾಕಬೇಡಿ" ಎಂದೆ. ಮುಸ್ಲಿಂ ಹುಡುಗರು ಬರೆದದ್ದು: ಮಸೀದಿ ಮುಂದೆ ಗಾಡಿ ನಿಲ್ಲಿಸುವುದು, ಅಲ್ಲಿಯೇ ಸದ್ದು ಏರಿಸುವುದು, ಗೋಡೆಯ ಮೇಲೆ ಗುಲಾಲು ಎರಚುವುದು, ನಮ್ಮನ್ನು ಊರು ಬಿಟ್ಟು ಹೋಗಿ ಎನ್ನುವ ಹಾಡು. ಹಿಂದೂ ಹುಡುಗರು ಬರೆದದ್ದು: ಮೆರವಣಿಗೆಯಲ್ಲಿ ತಲವಾರು ತಿರುಗಿಸುವುದು, ರಾಜರ ಕಟೌಟ್ ಹಿಡಿದು ನಮ್ಮ ಗುಡಿ ಮುಂದೆ ಕೇಕೆ ಹಾಕುವುದು, ಬೈಕಿನ ಸೈಲೆನ್ಸರ್ ತೆಗೆದು ಓಣಿಯಲ್ಲಿ ಸುತ್ತುವುದು. ಹಾಳೆಗಳನ್ನು ಗಟ್ಟಿಯಾಗಿ ಓದಿದೆವು. ಒಬ್ಬ ಹಿಂದೂ ಹುಡುಗ ಎದ್ದು ಹೇಳಿದ: "ಮಸೀದಿ ಮುಂದ ಗಾಡಿ ನಿಲ್ಲಿಸೋದು ಅಲ್ಲಿ ಲೈಟಿನ ವಾಯರ್ ಕೆಳಗ ಐತಂತ್ರಿ ಅಕ್ಕಾರ. ಕಟಗಿ ಹಿಡದು ವಾಯರ್ ಎತ್ತಬೇಕು, ಅದಕ್ಕ ನಿಲ್ಲತೈತಿ." ಅರ್ಧ ಸತ್ಯ. ನಿಂತ ಮೇಲೆ ಸದ್ದು ಏರಿಸುತ್ತಿದ್ದದ್ದೂ ಸತ್ಯ ಎಂದು ಅವನೇ ಒಪ್ಪಿಕೊಂಡ. ವಾಯರ್ ಎತ್ತರಿಸಿದರೆ ಅರ್ಧ ಜಗಳ ಹೋಗುತ್ತದೆ ಎಂಬುದು ಇಷ್ಟು ವರ್ಷ ಯಾವ ಶಾಂತಿ ಸಭೆಯಲ್ಲಿಯೂ ಬಂದಿರಲಿಲ್ಲ, ಏಕೆಂದರೆ ವಾಯರ್ ಎತ್ತುವ ಹುಡುಗ ಅಲ್ಲಿ ಇರಲಿಲ್ಲ. ನಾವು ಹೆಸ್ಕಾಂಗೆ ಅರ್ಜಿ ಕೊಟ್ಟೆವು. ಹಬ್ಬಕ್ಕೆ ಮೊದಲೇ ತಂತಿ ಎತ್ತರಿಸಿದರು.

ಹುಡುಗರೇ ತಮಗೆ ತಾವೇ ಕಟ್ಟಳೆ ಹಾಕಿಕೊಂಡರು. ಹಾಡುಗಳ ಪಟ್ಟಿ ಮೊದಲೇ ಮಾಡಿ ಎರಡೂ ಕಡೆಯವರು ಕೇಳಬೇಕು. ಮಿಲಾದ್ ಮೆರವಣಿಗೆಯಲ್ಲಿ ಕಟೌಟ್ ಇಲ್ಲ, ತಲವಾರು ಇಲ್ಲ. ಗಣಪತಿ ಮೆರವಣಿಗೆಯಲ್ಲಿ ಡಿಜೆ ಬದಲು ಡೊಳ್ಳು, ಜಾಂಜ್ ಮೇಳ. ಈ ಕೊನೆಯದು ಸುಲಭವಾಗಿ ಬರಲಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ನಿಷಿದ್ಧ, ವಾಸದ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್ ಎಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಪಿಎಸ್ಐ ಅದನ್ನು ಓದಿ ಹೇಳಿದಾಗ ಹುಡುಗರು ಕೇಳಿಸಿಕೊಳ್ಳಲಿಲ್ಲ. ಅವರನ್ನು ಒಪ್ಪಿಸಿದ್ದು ಅವರ ತಾಯಂದಿರೇ. ಪಟ್ಟಿ, ಅಂದರೆ ಹಬ್ಬದ ವಂತಿಗೆ, ಕೂಡಿಸುವ ಸಮಯಕ್ಕೆ "ಡಿಜೆ ತಂದ್ರ ನಮ್ಮ ಓಣ್ಯಾಗ ಒಂದು ರೂಪಾಯೀನೂ ಪಟ್ಟಿ ಕೊಡಂಗಿಲ್ಲ" ಎಂದು ಹಿಂದೂ ಓಣಿಗಳ ಹೆಣ್ಣುಮಕ್ಕಳೇ ಗಟ್ಟಿಯಾಗಿ ನಿಂತರು. ಒಂದು ಮಂಡಳಿ ಹೊರತು ಉಳಿದವರೆಲ್ಲ ಡೊಳ್ಳಿಗೆ ಒಪ್ಪಿದರು.

ಆ ಬೇಸಿಗೆಯಲ್ಲಿ ನಮ್ಮಲ್ಲಿ ಕೆಲವರು ಹುಬ್ಬಳ್ಳಿಯಲ್ಲಿ ನಡೆದ ತರಬೇತಿ ಶಿಬಿರಕ್ಕೆ ಹೋಗಿದ್ದೆವು. ಅಲ್ಲಿ ಕೇಳಿದ ಮೂರು ಸಂಗತಿಗಳು ನಮ್ಮ ಕೆಲಸಕ್ಕೆ ನೇರವಾಗಿ ಒದಗಿದವು.

ಮಹಾರಾಷ್ಟ್ರದ ಭಿವಂಡಿ 1970ರಲ್ಲಿ, ಮತ್ತೆ 1984ರಲ್ಲಿ ಭೀಕರ ಗಲಭೆ ಕಂಡ ಮಗ್ಗದ ಊರು. 1988ರಲ್ಲಿ ಅಲ್ಲಿಗೆ ಡಿಸಿಪಿಯಾಗಿ ಬಂದ ಸುರೇಶ ಖೋಪಡೆ ಓಣಿ ಓಣಿಯಲ್ಲಿ ಮೊಹಲ್ಲಾ ಸಮಿತಿ ಕಟ್ಟಿದರು. ಅದಕ್ಕೆ ರಾಜಕೀಯ ಮುಖಂಡರಿಗಿಂತ ಓಣಿಯ ಸಾಮಾನ್ಯ ಜನರನ್ನೇ ಸೇರಿಸಿಕೊಂಡರು. 1992ರ ಡಿಸೆಂಬರ್ ಮತ್ತು 1993ರ ಜನವರಿಯಲ್ಲಿ ಪಕ್ಕದ ಮುಂಬೈ ಹೊತ್ತಿ ಉರಿದಾಗ ಭಿವಂಡಿ ಶಾಂತವಾಗಿತ್ತು. ಮುಂದೆ ಮುಂಬೈಯಲ್ಲೂ ಅದೇ ಬಗೆಯ ಮೊಹಲ್ಲಾ ಸಮಿತಿ ಚಳವಳಿ ಹುಟ್ಟಿತು, ಜೂಲಿಯೊ ರಿಬೈರೊ, ಸುಶೋಭಾ ಬರ್ವೆ ಮುಂತಾದವರು ಅದನ್ನು ಕಟ್ಟಿದರು. ಗಲಭೆ ಆದ ಮೇಲೆ ಸೇರುವ ಸಮಿತಿಗೂ ಗಲಭೆ ಇಲ್ಲದಾಗಲೇ ತಿಂಗಳು ತಿಂಗಳು ಸೇರುವ ಸಮಿತಿಗೂ ಎಷ್ಟು ಅಂತರ ಎಂಬುದು ನಮಗೆ ಅಲ್ಲಿ ತಿಳಿಯಿತು.

ಎರಡನೆಯದು ಅಹಮದಾಬಾದಿನದು. 1946ರ ಜುಲೈ 1, ರಥಯಾತ್ರೆಯ ದಿನ ಗಲಭೆ ಎದ್ದಾಗ ಕಾಂಗ್ರೆಸ್ ಸೇವಾದಳದ ಇಬ್ಬರು ತರುಣರು, ವಸಂತರಾವ್ ಹೆಗಿಷ್ಟೆ ಮತ್ತು ರಜಬ್ ಅಲಿ ಲಾಖಾನಿ, ಗುಂಪನ್ನು ತಡೆಯಲು ಹೋಗಿ ಇಬ್ಬರೂ ಪ್ರಾಣ ಕೊಟ್ಟರು. ಇದನ್ನು ಹುಡುಗರಿಗೆ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಒಬ್ಬ ಕೇಳಿದ: "ಇಬ್ಬರ ಬದಲು ಇಪ್ಪತ್ತು ಮಂದಿ ಇದ್ದಿದ್ರ ಉಳೀತಿದ್ರೇನ್ರಿ?" ಅದೇ ಪ್ರಶ್ನೆಯಿಂದ ನಮ್ಮ ಸ್ವಯಂಸೇವಕರು ಒಂಟಿಯಾಗಿ ಎಲ್ಲಿಯೂ ನಿಲ್ಲಬಾರದು, ಎರಡೂ ಕಡೆಯವರು ಬೆರೆತ ಗುಂಪಾಗಿಯೇ ಇರಬೇಕು ಎಂಬ ನಿಯಮ ಹುಟ್ಟಿತು.

ಮೂರನೆಯದು ಲೈಬೀರಿಯಾದ್ದು. 2003ರಲ್ಲಿ ಆ ದೇಶದ ಒಳಯುದ್ಧ ರಾಜಧಾನಿ ಮನ್ರೋವಿಯಾದ ಬಾಗಿಲಿಗೆ ಬಂದಾಗ ಕ್ರೈಸ್ತ ಮತ್ತು ಮುಸ್ಲಿಂ ಹೆಂಗಸರು ಬಿಳಿ ಬಟ್ಟೆ ಉಟ್ಟು, ಮೀನು ಮಾರುಕಟ್ಟೆಯ ಹತ್ತಿರದ ಬಯಲಲ್ಲಿ ಬಿಸಿಲು ಮಳೆ ಎನ್ನದೆ ದಿನವೂ ಕೂತರು. ಅವರನ್ನು ಮುನ್ನಡೆಸಿದವರಲ್ಲಿ ಒಬ್ಬರಾದ ಲೇಮಾ ಗ್ಬೋವಿ ಅವರಿಗೆ 2011ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಘಾನಾದ ಅಕ್ರಾದಲ್ಲಿ ಸಂಧಿ ಮಾತುಕತೆ ಎಳೆದಾಡಿದಾಗ ಹೆಂಗಸರು ಸಭಾಂಗಣದ ಬಾಗಿಲಿಗೇ ಅಡ್ಡಲಾಗಿ ಕೂತರು. ಆಗಸ್ಟ್ 18ರಂದು ಒಪ್ಪಂದಕ್ಕೆ ಸಹಿ ಬಿತ್ತು. ಕಾಯಿಪಲ್ಯೆ ಅವ್ವ ಇದನ್ನು ಕೇಳಿ, "ಅವರೂ ಸಂತಿ ಮಾಡೋರ ಏನ್ರಿ?" ಎಂದು ಕೇಳಿದರು. ಹೌದು, ಮಾರುಕಟ್ಟೆಯಲ್ಲಿ ದುಡಿಯುವವರೂ ಅವರಲ್ಲಿ ಬಹಳ ಇದ್ದರು ಎಂದೆ. ಅವರ ಮುಖ ಅರಳಿತು.

ಆಗಸ್ಟ್ ಕೊನೆಗೆ ನಮ್ಮಲ್ಲಿ ಕೆಲವರು ಠಾಣೆಗೆ ಹೋಗಿ, ಈ ಸಲದ ಶಾಂತಿ ಸಭೆಗೆ ಹೆಣ್ಣುಮಕ್ಕಳನ್ನೂ ಹುಡುಗರನ್ನೂ ಕರೆಯಬೇಕು ಎಂದು ಅರ್ಜಿ ಕೊಟ್ಟೆವು. ಅಧಿಕಾರಿ ಮೊದಲು ಹಿಂಜರಿದರು. ನಮ್ಮ ಹತ್ತಿರ ದಾರಿಯ ನಕ್ಷೆ ಇತ್ತು. ನಾನು ಮತ್ತು ಹುಡುಗರು ಪೇಟೆ ಬೀದಿಯನ್ನು ಗಡಿಯಾರ ಹಿಡಿದು ನಡೆದು, ಎಲ್ಲಿ ತಿರುವು, ಎಲ್ಲಿ ಚರಂಡಿ ತೆರೆದಿದೆ, ಗುಡಿಯಿಂದ ಮಸೀದಿಗೆ ಡೊಳ್ಳಿನ ಮೇಳ ತಲುಪಲು ಎಷ್ಟು ಹೊತ್ತು ಬೇಕು ಎಂದೆಲ್ಲ ಬರೆದಿದ್ದೆವು. ಅದನ್ನು ನೋಡಿದ ಮೇಲೆ ಅವರೇ ಕುರ್ಚಿ ಎಳೆದು ಕೂತು ಪ್ರಶ್ನೆ ಕೇಳತೊಡಗಿದರು.

ಸಭೆಯಲ್ಲಿ ಎಲ್ಲಕ್ಕಿಂತ ಬಿಕ್ಕಟ್ಟಾದದ್ದು ದಿನದ ವಿಷಯ. ಒಂದೇ ದಿನ ಎರಡೂ ಮೆರವಣಿಗೆ ಆಗದು. ಯಾರು ಸರಿಯಬೇಕು? ಮುಂಬೈಯಲ್ಲಿ ಮಿಲಾದ್ ಮೆರವಣಿಗೆಯನ್ನು 29ಕ್ಕೆ, ಬೆಳಗಾವಿಯಲ್ಲಿ ಅಕ್ಟೋಬರ್ 1ಕ್ಕೆ ಮುಂದೂಡಲು ಮುಸ್ಲಿಂ ಹಿರಿಯರು ಒಪ್ಪಿದ ಸುದ್ದಿ ಆ ದಿನಗಳಲ್ಲೇ ಬಂತು. ನಮ್ಮೂರಿನ ಜಮಾತಿನವರೂ ಒಪ್ಪುವ ಮನಸ್ಸಿನಲ್ಲಿದ್ದರು. ಆಗ ಬಳೆ ಅಂಗಡಿಯ ಆಪಾ ಎದ್ದು, ಎಲ್ಲ ಗಂಡಸರ ಮುಂದೆ, ಮೆಲ್ಲಗೆ ಕೇಳಿದರು: "ಸರಿಯೋಣ್ರಿ. ಆದ್ರ ಪ್ರತಿ ಸಲಾ ನಾವ ಹಿಂದ ಸರೀಬೇಕೇನ್ರಿ?" ಆ ಪ್ರಶ್ನೆ ಅಲ್ಲಿದ್ದ ಎಲ್ಲರಿಗೂ ಮುಳ್ಳಿನಂತೆ ನಾಟಿತು. ನನ್ನ ಅಭಿಪ್ರಾಯ ಇದು: ದೊಡ್ಡ ಸಂಖ್ಯೆಯಲ್ಲಿರುವವರು ಕೇಳದೆಯೇ ಕೊಡುವುದನ್ನು ಕಲಿಯದಿದ್ದರೆ, ಸಣ್ಣ ಸಂಖ್ಯೆಯವರ ತಾಳ್ಮೆಯನ್ನೇ ಊರಿನ ಶಾಂತಿ ಎಂದು ಕರೆದಂತಾಗುತ್ತದೆ. ಅಂದು ನಾನು ಅದನ್ನೇ ಹೇಳಿದೆ. ಬಹಳ ಹೊತ್ತಿನ ಮೇಲೆ ಒಪ್ಪಂದ ಹೀಗಾಯಿತು: ಮಿಲಾದ್ ಮೆರವಣಿಗೆ ಅಕ್ಟೋಬರ್ 2ರ ಬೆಳಿಗ್ಗೆ. ಗಣಪತಿ ಮೆರವಣಿಗೆ 28ರ ಮಧ್ಯಾಹ್ನವೇ ಹೊರಟು, ಸೂರ್ಯ ಮುಳುಗಿ ಮಗ್ರಿಬ್ ಅಜಾನ್ ಆಗುವ ಮೊದಲೇ ಮಸೀದಿ ದಾಟಬೇಕು. ಮಿಲಾದ್ ದಿನ ನೀರು, ಶರಬತ್ತಿನ ವ್ಯವಸ್ಥೆ ಗಜಾನನ ಮಂಡಳಿಗಳದು. ಮತ್ತು ಆಪಾ ಅವರ ಪ್ರಶ್ನೆಯನ್ನು ಸಭೆಯ ನಡಾವಳಿಯಲ್ಲಿ ಅವರ ಮಾತಿನಲ್ಲೇ ಬರೆದಿಡಬೇಕು. ಇದು ನಾವು ಹೆಣ್ಣುಮಕ್ಕಳು ಹಟ ಹಿಡಿದು ಬರೆಸಿದ್ದು.

ಐದನೇ ದಿನದ ವಿಸರ್ಜನೆಯ ರಾತ್ರಿ ಮೊದಲ ಪರೀಕ್ಷೆ. ಗಣಪತಿಯ ಮೇಲೆ ಕಲ್ಲು ತೂರುವ ವಿಡಿಯೊ ಒಂದು "ನಮ್ಮೂರ ಪೇಟೆ ಬೀದಿ, ಈಗಷ್ಟೇ" ಎಂಬ ಬರಹದೊಂದಿಗೆ ಫೋನುಗಳಿಗೆ ಬಂತು. ಇಂಥದ್ದಕ್ಕೆ ನಾವು ಮೊದಲೇ ಒಂದು ನಿಯಮ ಮಾಡಿಕೊಂಡಿದ್ದೆವು: ಆ ಜಾಗದಲ್ಲಿ ನಿಂತ ನಮ್ಮವರೊಬ್ಬರ ಧ್ವನಿ ಸಂದೇಶ ಇಲ್ಲದೆ ಯಾವುದನ್ನೂ ಮುಂದಕ್ಕೆ ಕಳಿಸಬಾರದು. ಕಾಯಿಪಲ್ಯೆ ಅವ್ವನ ಸೊಸೆ ಮನೆಯ ಬಾಗಿಲಿಗೆ ಬಂದು, ಬೀದಿ ಕಡೆ ಫೋನು ಹಿಡಿದು, "ನಾನು ಪೇಟಿ ಬೀದ್ಯಾಗ ನಿಂತೇನಿ, ಇಲ್ಲಿ ಏನೂ ಆಗಿಲ್ಲ, ಡೊಳ್ಳಿನ ಸಪ್ಪಳಾ ಕೇಳ್ರಿ" ಎಂದು ಹೇಳಿ ಕಳಿಸಿದಳು. ಮಸೀದಿ ಓಣಿಯ ಹುಡುಗಿಯೊಬ್ಬಳು ವಿಡಿಯೊ ನಿಲ್ಲಿಸಿ ನೋಡಿ, ಅಂಗಡಿಯ ಬೋರ್ಡು ಬೇರೆ ರಾಜ್ಯದ ಲಿಪಿಯಲ್ಲಿದೆ ಎಂದು ತೋರಿಸಿದಳು. ಇವೆರಡೂ ಎರಡೂ ಕಡೆಯ ಗುಂಪುಗಳಿಗೆ ಹೋದವು. ವಿಡಿಯೊದ ಬೆನ್ನಿಗೇ ಸತ್ಯವೂ ಓಡಿತು. ಆ ಹುಡುಗಿ ಹಿಂದಿನ ವರ್ಷ ಕಾಲೇಜು ಬಿಟ್ಟವಳು. ಈ ಕೆಲಸದಲ್ಲಿ ಜೊತೆಯಾದ ಹಳೆಯ ಗೆಳತಿಯರೇ ಮುಂದೆ ಅವಳನ್ನು ಮುಕ್ತ ವಿಶ್ವವಿದ್ಯಾಲಯದ ಕೋರ್ಸಿಗೆ ಸೇರಿಸಿದರು.

28ರ ಮೆರವಣಿಗೆ ಹೆಚ್ಚು ಹೇಳುವಂಥದ್ದೇನೂ ಇಲ್ಲದೆ ಮುಗಿಯಿತು. ಡಿಜೆ ತಂದ ಒಂದೇ ಮಂಡಳಿಯ ಗಾಡಿಯನ್ನು ಮಸೀದಿ ಹತ್ತಿರ ಬರುತ್ತಲೇ ಅವರ ಓಣಿಯ ಹೆಣ್ಣುಮಕ್ಕಳೇ ಸದ್ದು ತಗ್ಗಿಸಿ ಮುಂದೆ ಸಾಗಿಸಿದರು.

ನಿಜವಾದ ಕಷ್ಟ ಬಂದದ್ದು ಆಮೇಲೆ. ಅಕ್ಟೋಬರ್ 1ರಂದು ಶಿವಮೊಗ್ಗದ ರಾಗಿಗುಡ್ಡದಲ್ಲಿ ಮಿಲಾದ್ ಮೆರವಣಿಗೆಯ ವೇಳೆ ಕಲ್ಲು ತೂರಾಟವಾಗಿ ನಿಷೇಧಾಜ್ಞೆ ಬಂತು. ನಮ್ಮ ಮೆರವಣಿಗೆ ಮರುದಿನ ಬೆಳಿಗ್ಗೆ. ರಾತ್ರಿ ಠಾಣೆಯಿಂದ ಫೋನು: ಅನುಮತಿ ರದ್ದು ಮಾಡುವ ಯೋಚನೆ ಇದೆ. ಜಮಾತಿನ ಹಿರಿಯರು ಕಂಗಾಲಾದರು. ಒಮ್ಮೆ ಸರಿದುಕೊಟ್ಟವರಿಗೆ ಈಗ ಅದೂ ಇಲ್ಲ ಎಂದರೆ ಆ ಹುಡುಗರನ್ನು ಯಾವ ಮುಖ ಇಟ್ಟುಕೊಂಡು ಸಮಾಧಾನ ಮಾಡುವುದು? ಅಂದು ರಾತ್ರಿ ಹೆಣ್ಣುಮಕ್ಕಳ ಬಳಗದವರು ಠಾಣೆಗೆ ಹೋದರು. ಹಿಂದೂ ಓಣಿಗಳವರು, ಸಿಸ್ಟರ್, ಎಲ್ಲರೂ. ಮೆರವಣಿಗೆಯ ಎರಡೂ ಬದಿಗೆ ನಾವು ನಡೆಯುತ್ತೇವೆ, ಪ್ರತಿ ತಿರುವಿನಲ್ಲಿ ನಮ್ಮ ಬೆರೆತ ಗುಂಪು ಇರುತ್ತದೆ ಎಂದು ಬರೆದು ಸಹಿ ಮಾಡಿ ಕೊಟ್ಟರು. ಹಿಂದಿನ ವರ್ಷ ಕೇಸು ಬಿದ್ದ ಹಿಂದೂ ಹುಡುಗನ ತಾಯಿಯ ಸಹಿ ಮೊದಲನೆಯದು. ಅಧಿಕಾರಿ ದಾರಿಯನ್ನು ಸ್ವಲ್ಪ ಮೊಟಕು ಮಾಡಿ ಅನುಮತಿ ಉಳಿಸಿದರು.

ಬೆಳಿಗ್ಗೆ ಪುಟ್ಟ ಮಕ್ಕಳು ಹಸಿರು ಬಾವುಟ ಹಿಡಿದು ಸಾಲಾಗಿ ಬಂದರು. ಗುಡಿಯ ಕಟ್ಟೆಯ ಮೇಲೆ ಗಜಾನನ ಮಂಡಳಿಯ ಹುಡುಗರು ಶರಬತ್ತಿನ ಡ್ರಮ್ಮು ಇಟ್ಟುಕೊಂಡು ನಿಂತಿದ್ದರು. ನಾನು ಮೆರವಣಿಗೆಯ ಬಲಬದಿಗೆ ನಡೆದೆ. ಕಿಟಕಿಗಳಲ್ಲಿ, ಮಾಳಿಗೆಗಳಲ್ಲಿ ನಿಂತ ಹೆಣ್ಣುಮಕ್ಕಳು ನನ್ನ ಹೆಸರು ಹಿಡಿದು ಕೂಗಿ ಕೈಬೀಸುತ್ತಿದ್ದರು. ಅಷ್ಟು ಭಯ ಪಟ್ಟ ರಾತ್ರಿಯ ಮೇಲೆ ಆ ಬೆಳಗು ನನಗೆ ಕೊಟ್ಟ ಸಂತೋಷವನ್ನು ಮಾತಿನಲ್ಲಿ ಹೇಳಲು ಬಾರದು.

2024ರಲ್ಲಿ ನಾವು ಬೇಗ ಶುರು ಮಾಡಿದೆವು. 16 ಮತ್ತು 17 ಅಕ್ಕಪಕ್ಕದ ದಿನಗಳಾದ್ದರಿಂದ ಮಿಲಾದ್ ಮೆರವಣಿಗೆ ಮತ್ತೆ ಮುಂದಕ್ಕೆ ಹೋಯಿತು. ಅದು ಸರಿಯಾಗಲಿಲ್ಲ ಎಂದು ನಾನು ಸಭೆಯಲ್ಲಿ ಹೇಳಿದೆ, ನಡಾವಳಿ ತೆಗೆದು ಆಪಾ ಅವರ ಹಿಂದಿನ ವರ್ಷದ ಮಾತನ್ನೂ ಓದಿದೆ. ಆದರೆ ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲದಲ್ಲಿ ಗಣಪತಿ ಮೆರವಣಿಗೆಯ ವೇಳೆ ಗಲಭೆಯಾಗಿ ಅಂಗಡಿಗಳು ಸುಟ್ಟುಹೋದ ಮೇಲೆ ಯಾರಿಗೂ ವಾದ ಬೆಳೆಸುವ ಮನಸ್ಸಿರಲಿಲ್ಲ. ಆ ವರ್ಷ ಬಳಗದಿಂದ ಕೆಲವರು ಹೊರಗೆ ಹೋದರು. ಮೂರು ಮನೆಗಳಲ್ಲಿ ಗಂಡಂದಿರು ಹೆಣ್ಣುಮಕ್ಕಳನ್ನು ಬರಗೊಡಲಿಲ್ಲ. ಚುರುಕಿನ ಹುಡುಗನೊಬ್ಬ ಬೇರೆ ಊರಿನ ಗುಂಪು ಸೇರಿ ನಮ್ಮ ಫೋನು ಎತ್ತುವುದನ್ನೂ ಬಿಟ್ಟ. ಅವನ ಮನೆಗೆ ಹೋಗಿ ಬಂದೆವು. ಅವನ ಅವ್ವ ಇಂದಿಗೂ ಬಳಗದಲ್ಲಿದ್ದಾಳೆ.

2025ರ ಆಗಸ್ಟಿನ ಸಭೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಗಜಾನನ ಮಂಡಳಿಯ ಹುಡುಗನೊಬ್ಬ ಎದ್ದ. ಎರಡು ವರ್ಷದ ಹಿಂದೆ ವಾಯರಿನ ಮಾತು ಹೇಳಿದವನೇ. "ಈ ಸಲ ಮಿಲಾದ್ ಐದನೇ ತಾರೀಖಿಗೆ ಐತಿ. ಅವರು ಅವತ್ತ ಮಾಡಲಿ. ನಾವು ಒಂಬತ್ತ ದಿವಸಕ್ಕ ಗಣಪತಿ ಕಳಸ್ತೇವಿ. ಒಂಬತ್ತ ದಿನದ ಗಣಪತಿ ನಮ್ಮ ಕಡೆ ಹೊಸದೇನಲ್ಲ" ಎಂದ. ಚೌತಿ ಆಗಸ್ಟ್ 27ಕ್ಕೆ ಇದ್ದುದರಿಂದ ಒಂಬತ್ತನೇ ದಿನ ಸೆಪ್ಟೆಂಬರ್ 4. ಹಿರಿಯರು ಶಾಸ್ತ್ರ ಕೇಳಬೇಕು ಎಂದರು. ಹನುಮಪ್ಪನ ಗುಡಿಯ ಪೂಜಾರಿ ಅಡ್ಡಿಯಿಲ್ಲ ಎಂದರು. ಎರಡು ಮಂಡಳಿಗಳು ಒಪ್ಪಲಿಲ್ಲ, ಅವರು ಹನ್ನೊಂದಕ್ಕೇ ಕಳಿಸಿದರು. ಉಳಿದವೆಲ್ಲ ಒಂಬತ್ತಕ್ಕೆ ಹೊರಟವು. ಮಿಲಾದ್ ಮೆರವಣಿಗೆ ಮೂರು ವರ್ಷದಲ್ಲಿ ಮೊದಲ ಸಲ ಅದರ ದಿನವೇ ನಡೆಯಿತು.

2026ರಲ್ಲಿ ಅಧಿಕ ಜ್ಯೇಷ್ಠದಿಂದಾಗಿ ಮಿಲಾದ್ ಆಗಸ್ಟ್ ಕೊನೆಗೆ, ಚೌತಿ ಸೆಪ್ಟೆಂಬರ್ 14ಕ್ಕೆ ಬರುತ್ತವೆ. ದಿನಗಳು ದೂರವಾದವು, ಇನ್ನು ಸಭೆ ಏಕೆ ಎಂದು ಕೆಲವರು ಕೇಳುತ್ತಿದ್ದಾರೆ. ತಿಂಗಳ ಮೊದಲ ಭಾನುವಾರ ಶಾಲೆಯ ಕೋಣೆಯಲ್ಲಿ ನಾವು ಎಂದಿನಂತೆ ಸೇರುತ್ತಿದ್ದೇವೆ. ಮುಂದಿನ ಸಭೆಯ ವಿಷಯಗಳು: ಹೊರಗೆ ಹೋದ ಮೂರು ಮನೆಗಳಿಗೆ ಯಾರು ಹೋಗಿ ಮಾತಾಡಬೇಕು, ಒಪ್ಪದ ಎರಡು ಮಂಡಳಿಗಳ ಜೊತೆ ಡಿಜೆ ವಿಚಾರ, ಮಸೀದಿ ತಿರುವಿನ ತೆರೆದ ಚರಂಡಿಗೆ ಪುರಸಭೆಗೆ ಕೊಡಬೇಕಾದ ಅರ್ಜಿ, ಮತ್ತು ಮೆರವಣಿಗೆಯಲ್ಲಿ ಡೊಳ್ಳು ತಾವೂ ಬಾರಿಸಬೇಕು ಎಂದು ಪಿಯುಸಿ ಹುಡುಗಿಯರು ಕೊಟ್ಟಿರುವ ಬೇಡಿಕೆ. ಕೊನೆಯದಕ್ಕೆ ಎರಡೂ ಕಡೆಯ ಹಿರಿಯರ ವಿರೋಧ ಇದೆ. ಆಪಾ ಮತ್ತು ನಾನು ಹುಡುಗಿಯರ ಪರ.